ಒಳಗೆ ನಿಂತು ಮುಚ್ಚುವ ಬಾಗಿಲು

ನನ್ನ ಮೇಲೆ ಎರಡು ದ್ರೋಹದ ಮೊಕದ್ದಮೆಗಳಿವೆ. ಒಂದನ್ನು ದೊರೆ ಹಾಕಿದ್ದಾನೆ, ಇನ್ನೊಂದನ್ನು ಮಹಾಸಭೆ ಹಾಕಿದೆ. ಇಡೀ ವರ್ಷ ಒಬ್ಬರ ಮುಖ ಒಬ್ಬರು ನೋಡದೆ, ಯಾವ ಮಾತಿಗೂ ಒಪ್ಪದೆ, ಊರಿನ ಮಕ್ಕಳನ್ನು ಸುರಂಗದಲ್ಲಿ ಬಡಿದಾಡಲು ಬಿಟ್ಟ ಈ ಎರಡು ಕಡೆಯವರು, ಹುಲಿಗೆಮ್ಮ ಎಂಬ ನನ್ನನ್ನು ಒಳಗೆ ಹಾಕಬೇಕು ಎಂಬ ಒಂದೇ ವಿಷಯಕ್ಕೆ ಒಮ್ಮತಕ್ಕೆ ಬಂದಿದ್ದಾರೆ. ಭೇಷ್! ಅಷ್ಟಾದರೂ ಒಗ್ಗಟ್ಟು ನನ್ನಿಂದ ಬಂತಲ್ಲ. ನನಗೆ ವಕೀಲರು ಬೇಡ. ನಡೆದದ್ದನ್ನು ನಾನೇ ಹೇಳುತ್ತೇನೆ. ಕೇಳುವ ತಾಳ್ಮೆ ಇದ್ದವರು ಕೇಳಲಿ.

ನಮ್ಮ ಊರು ಏಳುಕೇರಿ. ಚಂದ್ರನ ನೆಲದಡಿ, ಹಿಂದೆಂದೋ ಲಾವಾ ಹರಿದು ಟೊಳ್ಳಾಗಿ ಉಳಿದ ಸುರಂಗದಲ್ಲಿದೆ. ಬಯಲುಸೀಮೆಯಿಂದ ಗಣಿ ಕೆಲಸಕ್ಕೆ ಬಂದ ನಮ್ಮ ಮುತ್ತಜ್ಜಂದಿರು ಇದನ್ನು ಕಟ್ಟಿದರು. ಭೂಮಿಯ ಹಡಗುಗಳು ಬರುವುದು ನಿಂತ ವರ್ಷ ಜನ ಗಾಬರಿಬಿದ್ದಾಗ, ಅವರನ್ನು ಗದರಿಸಿ, ಸಂತೈಸಿ, ಕೆಲಸಕ್ಕೆ ಹಚ್ಚಿದವನು ಗ್ಯಾನಪ್ಪ ಎಂಬ ಮೇಸ್ತ್ರಿ. ಜನ ಅವನನ್ನು ಪ್ರೀತಿಯಿಂದ ದೊರೆ ಎಂದರು. ಮಗನನ್ನು ಅಭ್ಯಾಸದಿಂದ ದೊರೆ ಎಂದರು. ಈಗಿನ ದೊರೆಯಾದ ಮೊಮ್ಮಗನಿಗೆ ಮಾತ್ರ ಅಜ್ಜನಿಂದ ಬಂದ ಗ್ಯಾನಪ್ಪ ಎಂಬ ಹೆಸರು ಸಾಕಾಗಲಿಲ್ಲ. ಜ್ಞಾನಭೂಪಾಲ ಎಂದು ತಾನೇ ಹೆಸರಿಟ್ಟುಕೊಂಡು, ಅಜ್ಜನ ಗಣಿಟೊಪ್ಪಿಗೆಗೆ ಚಿನ್ನದ ಬಣ್ಣ ಬಳಿಸಿ ತಲೆಗೇರಿಸಿಕೊಂಡ.

ಕಾಳು, ನೀರು, ಕಾನೂನು ಇವು ಕೇರಿಗಳು ಆರಿಸಿ ಕಳಿಸಿದ ಮಹಾಸಭೆಯ ಕೈಯಲ್ಲಿದ್ದವು. ಕಾವಲುಪಡೆ ದೊರೆಯ ಕೈಯಲ್ಲಿತ್ತು. ಅಂದರೆ ಪಡೆಗೆ ಊಟ ಹಾಕುವವರು ಒಬ್ಬರು, ಅಪ್ಪಣೆ ಕೊಡುವವರು ಇನ್ನೊಬ್ಬರು. ಎರಡು ತಲೆಮಾರು ಇದು ಹೇಗೋ ನಡೆಯಿತು. ಇಬ್ಬರಿಗೂ ಒಟ್ಟಿಗೇ ಕೋಪ ಬಂದಿರಲಿಲ್ಲ, ಅಷ್ಟೇ.

ಇನ್ನು ಗಾಳಿ. ನಡುಗೇರಿಯ ಗಾಳಿಮನೆಯಲ್ಲಿ ಉಸಿರಾಟದ ಗಾಳಿಯನ್ನು ಶುದ್ಧಮಾಡಿ ಕೊಳವೆಗಳಲ್ಲಿ ಎಲ್ಲ ಕೇರಿಗಳಿಗೆ ಕಳಿಸುತ್ತೇವೆ. ನಾನು ಅಲ್ಲಿನ ಮುಖ್ಯ ಎಂಜಿನಿಯರ್. ಪ್ರತಿ ಕೇರಿಯ ಬಾಯಿಯಲ್ಲಿ ಒಂದು ಕಬ್ಬಿಣದ ಚಕ್ರವಿದೆ. ಅದನ್ನು ತಿರುಗಿಸಿದರೆ ಕೇರಿಯ ಬಾಗಿಲೂ ಗಾಳಿಯ ಕೊಳವೆಯೂ ಒಟ್ಟಿಗೆ ಮುಚ್ಚುತ್ತವೆ. ಒಂದು ಕೇರಿಗೆ ಬೆಂಕಿ ಬಿದ್ದರೆ ಉಳಿದ ಊರು ಬದುಕಲಿ ಎಂದು ಮಾಡಿದ ಏರ್ಪಾಡು. ಆದರೆ ಗ್ಯಾನಪ್ಪ ಇಟ್ಟ ಆ ಚಕ್ರ ಕೇರಿಯ ಒಳಗಿದೆ. ಹೊರಗಿನಿಂದ ಮುಚ್ಚಲು ಬರುವುದಿಲ್ಲ. ಮುಚ್ಚುವವರು ಒಳಗೇ ಉಳಿಯುತ್ತಾರೆ. ಮತ್ತೆ ತೆರೆಯಬೇಕಾದರೆ ಎದುರುಕೇರಿಯವರೂ ಅದೇ ಹೊತ್ತಿಗೆ ತಮ್ಮ ಚಕ್ರ ತಿರುಗಿಸಬೇಕು. ಎರಡೂ ಕಡೆಯವರು ಅಪಾಯ ಕಳೆಯಿತು ಎಂದು ಒಪ್ಪಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ಎಲ್ಲ ಮನೆಯವರೂ ಸರದಿಯಲ್ಲಿ ಚಕ್ರ ಕಾಯುತ್ತಾರೆ. ಎದುರುಬದುರು ಕೇರಿಯವರು ಮದುವೆಯಾದರೆ, ಹೆಣ್ಣು ಅವಳ ಕೇರಿಯಲ್ಲಿ, ಗಂಡು ಅವನ ಕೇರಿಯಲ್ಲಿ ನಿಂತು, ಒಂದು ಗಳಿಗೆ ಎರಡೂ ಬಾಗಿಲು ಮುಚ್ಚಿ, ಆಮೇಲೆ ಒಟ್ಟಿಗೆ ತೆರೆಯಬೇಕು. ಆಗಲೇ ಮದುವೆ ಆದ ಹಾಗೆ. ನಾನು ಕೆಳಗೇರಿಯವಳು, ನನ್ನ ಗಂಡ ಪಂಪಣ್ಣ ಎದುರಿನ ಮೇಲ್ಗೇರಿಯವನು. ಅವತ್ತು ಅವನ ಕೈ ನಡುಗಿ ಚಕ್ರ ಅರ್ಧಕ್ಕೇ ನಿಂತಿತ್ತು. ನಾನು ಈ ಕಡೆಯಿಂದ ಬಾಗಿಲು ಗುದ್ದಿ ಬೈದ ಮೇಲೆ ಪೂರ್ತಿ ತಿರುಗಿಸಿದ. ನೆಂಟರೆಲ್ಲ ಬಿದ್ದುಬಿದ್ದು ನಕ್ಕಿದ್ದರು.

ಹೀಗಿರುವಾಗ ಎಣ್ಣೆಕೇರಿಗೆ ಬೆಂಕಿ ಬಿತ್ತು.

ಅಂದು ಅಲ್ಲಿ ಚಕ್ರ ಕಾಯುತ್ತಿದ್ದವರು ಸೋಮಲಿಂಗ ಮೇಷ್ಟ್ರು. ಶಾಲೆಯ ಮಕ್ಕಳು ಇನ್ನೂ ಓಡಿಬರುತ್ತಿದ್ದರು. ಇನ್ನೊಬ್ಬಳು ಬರಲಿ, ಮತ್ತೊಬ್ಬ ಬರಲಿ ಎಂದು ಮೇಷ್ಟ್ರು ತಡೆದರು. ಅಷ್ಟರಲ್ಲಿ ಹೊಗೆ ಪಕ್ಕದ ಕೇರಿಗೆ ನುಗ್ಗಿತು. ಕೊನೆಗೆ ಮುಚ್ಚಿದರು, ಒಳಗೇ ಸತ್ತರು. ಮಕ್ಕಳು ಉಳಿದರು, ಪಕ್ಕದ ಕೇರಿಯಲ್ಲಿ ಮನೆಗೊಂದು ಹೆಣ ಬಿತ್ತು.

ಮಣ್ಣು ಮುಗಿಸಿ ದೊರೆ ನೇರ ಗಾಳಿಮನೆಗೆ ಬಂದ. ಹೆಣ ಹೊತ್ತ ಅವನ ಅಂಗಿಯಲ್ಲಿ ಇನ್ನೂ ಮಸಿಯಿತ್ತು. ಅವನ ಕಣ್ಣೀರು ನಾಟಕವಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

"ಹುಲಿಗೆಮ್ಮ, ಮೇಷ್ಟ್ರು ಒಳ್ಳೆ ಮನಷ್ಯಾ ಇದ್ದರು. ಅವರು ಒಳ್ಳೇವರಿದ್ದದ್ದಕ್ಕ ಇಷ್ಟು ಮಂದಿ ಸತ್ತರು. ಚಕ್ರಕ್ಕ ಮೋಟಾರ್ ಹಚ್ಚು. ಬೇಕಾದ ಕೇರಿ ಆರಿಸಿ ಒಂದು ಗುಂಡಿ ಒತ್ತಿದರ ಆ ಕೇರಿ ಬಾಗಲಾ ಮುಚ್ಚಬೇಕು. ಆ ಗುಂಡಿ ನನ್ನ ಹತ್ರ ಇರ್ಲಿ."

"ಮೋಟಾರ್ ಹಚ್ತೀನಿ. ಗುಂಡಿ ಯಾರ ಹತ್ರ ಅನ್ನೋದು ಸಭಾ ಹೇಳಬೇಕು," ಎಂದೆ.

"ಬೆಂಕಿ ಏನು ಸಭಾ ಮುಗಿಯೋತನಕ ಕಾಯ್ತದೇನು?"

ಮಾರನೆಯ ದಿನ ಸಭಾಪತಿ ಶರಭಯ್ಯ ಬಂದರು. ತೂಕದ ಮನುಷ್ಯ, ಕೆಮ್ಮಿದರೂ ಕಾನೂನು ಹೇಳಿದಂತೆ ಕೆಮ್ಮುವವರು. "ತಂಗಿ, ಇವತ್ತು ಆ ಗುಂಡಿ ಬೆಂಕಿಗೆ. ನಾಳೆ ಅವನ ಮಾತು ಕೇಳದ ಕೇರಿಗೆ. ಒಬ್ಬನ ಬೆರಳಿನಾಗ ಊರಿನ ಉಸಿರು ಕೊಡಾಕ ಬರಂಗಿಲ್ಲ. ಗುಂಡಿ ಸಭಾದಾಗ ಇರ್ಲಿ," ಎಂದರು. ಇಬ್ಬರ ಮಾತೂ ಸರಿಯಾಗಿತ್ತು, ಅದೇ ತಾಪತ್ರಯ.

ನಾನು ಮೋಟಾರುಗಳನ್ನು ಕೂರಿಸಿದೆ. ಮುಚ್ಚಲು ಮಾತ್ರ. ತೆರೆಯುವುದಕ್ಕೆ ಮೊದಲಿನ ಹಾಗೆ ಎರಡೂ ಕಡೆಯ ಕೈ ಬೇಕು, ಅದನ್ನು ಬದಲಿಸಲು ನಾನು ಒಪ್ಪಲಿಲ್ಲ. ಗುಂಡಿಯ ವಿಷಯ ಸಭೆಯಲ್ಲಿ ಚರ್ಚೆಯಾಗುತ್ತಿರುವಾಗಲೇ ದೊರೆ ತನ್ನ ಆಳುಗಳಿಂದ ಮೇಲ್ಗೇರಿಯ ಅರಮನೆಗೆ ತಂತಿ ಎಳೆಸಿ, ಗುಂಡಿಯನ್ನು ಸಿಂಹಾಸನದ ಪಕ್ಕದಲ್ಲೇ ಹಾಕಿಸಿಕೊಂಡ. ಸಭೆಗೆ ಮೈ ಉರಿಯಿತು. ಗುಂಡಿ ತೆಗೆಯುವವರೆಗೆ ಕಾವಲುಪಡೆಗೆ ಒಂದು ಹಿಡಿ ಜೋಳವನ್ನೂ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ದೊರೆ ಸಭೆಯನ್ನು ವಿಸರ್ಜಿಸಿದ. ಸಭೆ ಎದ್ದು ಹೋಗಲಿಲ್ಲ. ಸದಸ್ಯರು ರೊಟ್ಟಿಗಂಟು ತರಿಸಿಕೊಂಡು ಅಲ್ಲೇ ಉಂಡರು, ಅಲ್ಲೇ ಮಲಗಿದರು.

ಯುದ್ಧ ಅಂದರೆ ಎಲ್ಲಿಂದಲೋ ಬರುತ್ತದೆ ಎಂದುಕೊಂಡಿದ್ದೆ. ಅದು ಕೆಳಗೇರಿಯ ನಮ್ಮ ಮನೆಯಲ್ಲೇ, ಊಟಕ್ಕೆ ಕೂತಲ್ಲೇ ಶುರುವಾಯಿತು. ನನ್ನ ಗಂಡ ದೊರೆಯ ಕಾವಲುಪಡೆಯವನು. ನನ್ನ ತಮ್ಮ ಯಂಕೋಬ ಸಭೆ ಹೊಸದಾಗಿ ಕಟ್ಟಿದ ದಂಡಿಗೆ ಸೇರಿದ್ದ. ಚಿಕ್ಕಂದಿನಿಂದ ಅವನು, ಮಾವ ಎಂದು ಕರೆಯುವ ನನ್ನ ಗಂಡನ ತಟ್ಟೆಗೇ ಕೈ ಹಾಕಿ ಉಂಡವನು.

"ಮಾವ, ಪುಂಡಿಪಲ್ಯ ಹಾಕ್ಕೋ. ಸಭಾದ ಜೋಳದ ರೊಟ್ಟಿ ಅದು, ಗಂಟಲದಾಗ ಇಳೀತದೇನು?" ಎಂದು ಯಂಕೋಬ ಕೆಣಕಿದ.

"ನಿನ್ನ ಸಭಾ ಹೊಲಾ ಉತ್ತಿತ್ತೇನಲೇ? ಜನ ಬೆಳದದ್ದು."

"ಜನ ಆರಿಸಿದ್ದೇ ಸಭಾ."

"ಜನ ಎತ್ತಿ ಕೂಡಿಸಿದ್ದೇ ದೊರೆ."

"ನಿಮ್ಮಿಬ್ಬರ ಬಾಯಾಗ ಮಣ್ಣು ಹಾಕಲಿ," ಎಂದು ನಾನು ರೊಟ್ಟಿಬುಟ್ಟಿ ಎತ್ತಿಟ್ಟೆ. "ಉಣ್ಣೋ ಹೊತ್ತಿನಾಗ ಒಬ್ಬರಿಗೊಬ್ಬರು ಮುಖ ನೋಡಾಕ ಆಗದಂಗ ಮಾಡೋ ದೊರೆನೂ ಬ್ಯಾಡ, ಸಭಾನೂ ಬ್ಯಾಡ. ನಮ್ಮ ರೇಣವ್ವ ನೋಡಾಕತ್ಯಾಳ, ನಾಚಿಕಿ ಬರಂಗಿಲ್ಲೇನು?" ರೇಣವ್ವ ನಮ್ಮ ಮಗಳು. ಅವಳು ತುತ್ತು ಕೈಯಲ್ಲಿ ಹಿಡಿದು ಅಪ್ಪನನ್ನೂ ಸೋದರಮಾವನನ್ನೂ ನೋಡುತ್ತಿದ್ದಳು. ಪಂಪಣ್ಣ ಕೈ ತೊಳೆದು ಮೇಲ್ಗೇರಿಗೆ ಹೋದವನು ಮತ್ತೆ ಮನೆಗೆ ಬರಲಿಲ್ಲ. ಬರಲು ಅವನಿಗೆ ಅಪ್ಪಣೆ ಇರಲಿಲ್ಲ.

ದೊರೆ ಶರಭಯ್ಯನವರನ್ನೂ ಇನ್ನಷ್ಟು ಸದಸ್ಯರನ್ನೂ ಹಿಡಿಯಲು ಪಡೆ ಕಳಿಸಿದ. ಅವರು ಕೊಳವೆಗಳ ಸಂದಿಯಲ್ಲಿ ತೆವಳಿಕೊಂಡು ನಮ್ಮ ಕೆಳಗೇರಿಗೆ ಬಂದು ಸೇರಿದರು. ಕೆಳಗೇರಿಯವರು ಬಾಗಿಲಲ್ಲಿ ನಿಂತು ಪಡೆಯನ್ನು ತಡೆದರು. ಅವತ್ತಿನಿಂದ ಮೇಲ್ಗೇರಿಗೂ ಕೆಳಗೇರಿಗೂ ನಡುವಿನ ಸುರಂಗದಲ್ಲಿ ಒಂದು ಕಡೆ ದೊರೆಯವರು, ಒಂದು ಕಡೆ ಸಭೆಯವರು ಅಡ್ಡಗೋಡೆ ಕಟ್ಟಿಕೊಂಡು ಕೂತರು. ಕೈಯಲ್ಲಿ ಗಣಿಯ ಸಲಾಕೆ, ಸುತ್ತಿಗೆ, ಮೊಳೆ ಹೊಡೆಯುವ ಯಂತ್ರ. ಇದೇ ಜನ ಹೋದ ವರ್ಷ ಒಂದೇ ಪಾಳಿಯಲ್ಲಿ ಕಲ್ಲು ಒಡೆದವರು. ಹೆಸರು ಹಿಡಿದು ಕರೆಯುತ್ತಲೇ ಹೊಡೆದಾಡಿದರು.

ಯಂಕೋಬನನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ತಂದರು. ಎದೆಯಲ್ಲಿ ಸಲಾಕೆಯ ತೂತು. ನನ್ನ ತಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಿನ ಕಲ್ಲುಪುಡಿಯನ್ನು ಒಂದೊಂದಾಗಿ ತೆಗೆಯುತ್ತ ಕೂತಳು, ಅಳಲಿಲ್ಲ. ನಾನು ಗಾಳಿಮನೆಯಿಂದ ಮೇಲ್ಗೇರಿಗೆ ಫೋನು ಮಾಡಿ ಪಂಪಣ್ಣನನ್ನು ಕರೆಸಿದೆ.

"ನೀ ಹೊಡೆದೇನು?" ಎಂದು ಕೇಳಿದೆ.

"ನಾ ಅಲ್ಲ ಹುಲಿಗಿ. ಆದ್ರ ನಾ ಅಲ್ಲೇ ಇದ್ದೆ," ಎಂದ. ನಾನು ಫೋನು ಇಟ್ಟೆ.

ಮರುದಿನ ಗಾಳಿಮನೆಗೆ ಎರಡು ಅಪ್ಪಣೆ ಬಂದವು. ದೊರೆಯ ದೂತ ಹೇಳಿದ: "ಕೆಳಗೇರಿ ದ್ರೋಹಿಗಳನ್ನ ಒಪ್ಪಿಸೋತನಕ ದೊರೆ ಅದರ ಗಾಳಿ ಬಂದ್ ಮಾಡ್ತಾರ. ಗುಂಡಿಯ ತಂತಿ ಸರಿ ಅದ ಇಲ್ಲ ನೋಡಿ ಇಡು." ಅವನು ಹೋದ ಬೆನ್ನಿಗೇ ಸಭೆಯ ದೂತ ಬಂದ: "ಮೇಲ್ಗೇರಿಯ ಗಾಳಿ ಬಂದ್ ಮಾಡು. ಸಭಾದ ಠರಾವು." ಇಬ್ಬರೂ ಕಾನೂನಿನ ಹೆಸರು ಹೇಳಿದರು. ಇಬ್ಬರೂ ಜನರ ಹೆಸರು ಹೇಳಿದರು. ಕೆಳಗೇರಿಯಲ್ಲಿ ನನ್ನ ಮಗಳು ಮತ್ತು ತಾಯಿ. ಮೇಲ್ಗೇರಿಯಲ್ಲಿ ನನ್ನ ಗಂಡ. ಅಷ್ಟೇ ಅಲ್ಲ, ಎರಡೂ ಕಡೆ ನನ್ನ ಗುರುತಿನ ಮಕ್ಕಳು, ಮುದುಕಿಯರು, ಬಾಣಂತಿಯರು.

ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಕೆಲಸ ಮಾಡಿದೆ. ಗಾಳಿಮನೆಯ ಹಿಂದೆ ಎಲ್ಲ ಮೋಟಾರುಗಳ ತಂತಿ ಕೂಡುವ ಪೆಟ್ಟಿಗೆಯಿದೆ. ಅರಮನೆಯ ಗುಂಡಿಯ ತಂತಿಯನ್ನು ಬಿಚ್ಚಿ, ಅದನ್ನು ಮೊದಲು ಮೇಲ್ಗೇರಿಯ ಮೋಟಾರಿಗೆ ಕಟ್ಟಿ, ಅಲ್ಲಿಂದ ಮುಂದೆ ಉಳಿದ ಕೇರಿಗಳಿಗೆ ಹೋಗುವಂತೆ ಮಾಡಿದೆ. ಈಗ ಅರಮನೆಯ ಗುಂಡಿ ಯಾವ ಕೇರಿಯನ್ನು ಮುಚ್ಚಿದರೂ ಅರಮನೆಯ ಕೇರಿಯೂ ಜೊತೆಗೇ ಮುಚ್ಚುತ್ತದೆ. ಗುಂಡಿಯನ್ನು ಸಭೆಗೆ ಕೊಟ್ಟಿದ್ದರೂ ಇದನ್ನೇ ಮಾಡುತ್ತಿದ್ದೆ. ಮುಚ್ಚುವವರು ಒಳಗೇ ಉಳಿಯಬೇಕು ಎಂಬುದು ನಮ್ಮ ಪದ್ಧತಿ. ಅದನ್ನು ತಂತಿಗೆ ಕಲಿಸಿದೆ. ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಲೋಹ ಕರಗಿಸುವ ಕುಲುಮೆಗೆ ಎಸೆದು, ಕೆಳಗೇರಿಗೆ ನಡೆದೆ. ಸರದಿಯವನನ್ನು ಎಬ್ಬಿಸಿ ಚಕ್ರದ ಪಕ್ಕದಲ್ಲಿ ನಾನೇ ಕೂತೆ.

ಕದ್ದುಮುಚ್ಚಿ ಮಾಡುವ ಅಭ್ಯಾಸ ನನಗಿಲ್ಲ. ಗೋಡೆಯ ಫೋನಿನಿಂದ ದೊರೆಯನ್ನು ಕರೆದೆ. ಎರಡೂ ಕಡೆ ಎಲ್ಲರಿಗೂ ಕೇಳಲಿ ಎಂದು ಧ್ವನಿವರ್ಧಕ ಹಾಕಿಸಿದೆ.

"ದೊರೆ, ಗುಂಡಿ ಒತ್ತೋಕಿಂತ ಮೊದ್ಲು ಕೇಳ್ರಿ. ಕೆಳಗೇರಿ ಮುಚ್ಚಿದರ ಮೇಲ್ಗೇರಿನೂ ಮುಚ್ತದ. ನಾನೇ ಹಂಗ ಕಟ್ಟೀನಿ."

"ಬೆದರಸಾಕತ್ತೇನು?"

"ಇಲ್ರಿ. ಇದ್ದದ್ದು ಹೇಳಾಕತ್ತೀನಿ. ನಿಮ್ಮಜ್ಜ ಗ್ಯಾನಪ್ಪ ಚಕ್ರಾನ ಒಳಗ ಯಾಕ ಇಟ್ಟ, ವಿಚಾರ ಮಾಡ್ರಿ. ಮಂದಿ ಉಸಿರು ಕಟ್ಟಿಸೋನು ತನ್ನ ಉಸಿರೂ ಕೊಡಬೇಕು ಅಂತ ಇಟ್ಟ."

ದೊರೆ ಪಕ್ಕಕ್ಕೆ ತಿರುಗಿ ಕೇಳಿದ್ದು ನಮಗೂ ಕೇಳಿಸಿತು: "ಪಂಪಣ್ಣ, ನಿನ್ನ ಹೇಣ್ತಿ ಸುಳ್ಳು ಹೇಳಾಕತ್ಯಾಳಲ್ಲ?"

"ಇಲ್ರಿ ದೊರೆ. ಆಕಿಗಿ ಸುಳ್ಳು ಹೇಳಾಕ ಬರಂಗಿಲ್ಲ. ಬರ್ತಿದ್ದರ ನನ್ನ ಸಂಸಾರ ಇನ್ನಾ ಚಲೋ ಇರ್ತಿತ್ತು."

ಆ ಗಳಿಗೆಯಲ್ಲೂ ನಮ್ಮ ಕಡೆ ಯಾರೋ ನಕ್ಕರು.

"ಹಂಗಾದ್ರ ನೀನೇ ಒತ್ತು. ನೋಡೇ ಬಿಡೋಣ. ಇದು ನನ್ನ ಅಪ್ಪಣೆ."

"ಒತ್ತಂಗಿಲ್ರಿ," ಎಂದ ನನ್ನ ಗಂಡ. ದೊರೆಯ ಎದುರು ಜೀವನದಲ್ಲಿ ಮೊದಲ ಸಲ ಇಲ್ಲ ಎಂದಿದ್ದ. ನನಗೆ ಅಳು ಬಂತು, ಹೆಮ್ಮೆಯೂ ಆಯಿತು.

ದೊರೆ ತಾನೇ ಒತ್ತಿದ.

ಚಕ್ರ ನನ್ನ ಕಣ್ಣೆದುರೇ ಗಿರ್ರನೆ ತಿರುಗಿತು. ಬಾಗಿಲು ಬಿತ್ತು. ಹುಟ್ಟಿದಾಗಿನಿಂದ ನಮ್ಮ ಕಿವಿಯಲ್ಲಿದ್ದ ಗಾಳಿಯ ಗುಂಯ್ ಶಬ್ದ ನಿಂತುಹೋಯಿತು. ರೇಣವ್ವ ಅಂಥ ಮೌನ ಕೇಳಿದವಳೇ ಅಲ್ಲ. ಕಿವಿ ಮುಚ್ಚಿಕೊಂಡು ನನ್ನ ಸೊಂಟ ಅಪ್ಪಿದಳು. ಆ ಕಡೆಯ ಫೋನಿನಲ್ಲೂ ಅದೇ ಮೌನ. ಆಮೇಲೆ ಒಂದು ಹೆಂಗಸಿನ ಕೂಗು, ಪಾತ್ರೆ ಬಿದ್ದ ಸದ್ದು, ಓಡುವ ಕಾಲುಗಳು. ಮೇಲ್ಗೇರಿ ಚಿಕ್ಕದು, ಚಾವಣಿ ತಗ್ಗು. ಅಲ್ಲಿ ಗಾಳಿ ಬೇಗ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು.

ಶರಭಯ್ಯ ನನ್ನ ಹತ್ತಿರ ಬಂದು, ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದರು: "ತಂಗಿ, ಭಾಳ ಶ್ಯಾಣ್ಯಾತನ ಮಾಡೀದಿ. ಈಗ ತೆರೀಬ್ಯಾಡ. ನಮ್ಮ ಕೇರಿ ದೊಡ್ಡದು, ನಾವು ತಾಳ್ತೀವಿ. ಅವರು ತಾಳಂಗಿಲ್ಲ. ಸ್ವಲ್ಪ ಹೊತ್ತು ಕುಂತರ ಸಾಕು, ಪಡೆ, ಗುಂಡಿ, ಗದ್ದುಗಿ ಎಲ್ಲಾ ಸಭಾಕ್ಕ ಬರ್ತಾವ."

ಸುಳ್ಳು ಯಾಕೆ ಹೇಳಲಿ? ನನ್ನ ತಮ್ಮನ ಎದೆಯ ತೂತು ಕಣ್ಣ ಮುಂದೆ ಬಂತು. ಸಾಯಲಿ ಅನ್ನಿಸಿತು. ಅವನನ್ನು ಚುಚ್ಚಿದ ಕೈ ಆ ಬಾಗಿಲಿನ ಹಿಂದೆ ಎಲ್ಲೋ ಇದೆ, ಬಾಯಿಬಾಯಿ ಬಿಟ್ಟು ಸಾಯಲಿ ಅನ್ನಿಸಿತು. ತೆರೆಯಲೆಂದು ಚಕ್ರದ ಮೇಲೆ ಇಟ್ಟಿದ್ದ ಕೈಯನ್ನು ತೆಗೆದೆ.

ಆಗ ಫೋನಿನಲ್ಲಿ ಪಂಪಣ್ಣನ ಧ್ವನಿ ಬಂತು, ಏದುಸಿರು ಬಿಡುತ್ತಿದ್ದ. "ಹುಲಿಗಿ, ಚಕ್ರದ ಹತ್ರ ಬಂದೀನಿ. ದೊರೆ ಹಿಡೀರಿ ಅಂತ ಒದರಾಕತ್ತಾನ, ಯಾರೂ ಮುಂದ ಬರವಲ್ರು. ಇಲ್ಲಿ ಕೂಸುಗಳು ಅದಾವ. ಕೈ ಇಟ್ಟೀನಿ. ಈ ಸಲ ನಡುಗಾಕತ್ತಿಲ್ಲ ನೋಡು."

ನಾನು ನನ್ನ ತಾಯಿಯ ಕಡೆ ನೋಡಿದೆ. ಮಗನನ್ನು ಕಳೆದುಕೊಂಡವಳು ಅವಳು. ನೆಲದ ಮೇಲೆ ಕೂತಿದ್ದವಳು ಗೋಡೆ ಹಿಡಿದು ಎದ್ದು ಬಂದು, ಶರಭಯ್ಯನವರನ್ನು ಭುಜದಿಂದ ಪಕ್ಕಕ್ಕೆ ಸರಿಸಿದಳು. "ನನ್ನ ಮಗನ ಹೆಸರಿನಾಗ ಮಂದಿ ಮಕ್ಕಳನ್ನ ಕೊಲ್ಲಬ್ಯಾಡ್ರಿ. ತೆರಿ, ಹುಲಿಗಿ," ಎಂದಳು.

"ಸಭಾದ ಅಪ್ಪಣೆ ಮೀರಾಕತ್ತಿ ನೀನು!" ಶರಭಯ್ಯ ಗುಡುಗಿದರು.

"ಮೀರಾಕತ್ತೀನ್ರಿ. ದೊರೆದೂ ಮೀರೀನಿ, ನಿಮ್ಮದೂ ಮೀರ್ತೀನಿ. ಅವನ ಬೆರಳಾಗ ಇದ್ದಾಗ ಅನ್ಯಾಯ ಆಗಿದ್ದು, ನಿಮ್ಮ ಬೆರಳಾಗ ಬಂದ ಕೂಡ್ಲೆ ನ್ಯಾಯ ಆಗ್ತದೇನು? ಸರೀರಿ ಅತ್ಲಾಗ!"

ಫೋನಿಗೆ ಬಾಯಿಟ್ಟು ಪಂಪಣ್ಣನಿಗೆ ಹೇಳಿದೆ: "ತಿರುಗಿಸು. ಅರ್ಧಕ್ಕ ನಿಲ್ಲಿಸಿದರ ನೋಡು ಮತ್ತ!"

ತಿರುಗಿಸಿದೆವು. ನನ್ನ ಜೊತೆ ರೇಣವ್ವನೂ ನನ್ನ ತಾಯಿಯೂ ಕೈ ಹಾಕಿದರು. ಚಕ್ರ ಬಿಗಿಯಾಗಿತ್ತು, ಕಿರುಗುಟ್ಟಿತು, ಆಮೇಲೆ ಸಲೀಸಾಯಿತು. ಬಾಗಿಲು ಎದ್ದಿತು. ಗುಂಯ್ ಶಬ್ದ ಮರಳಿ ಬಂತು. ಮುಖಕ್ಕೆ ಗಾಳಿ ಬಡಿದಾಗ ಮುದುಕರು ಕೂಡ ಮಕ್ಕಳಂತೆ ಕೂಗಿದರು.

ಎರಡೂ ಕೇರಿಯವರು ಸುರಂಗಕ್ಕೆ ನುಗ್ಗಿದರು. ಅಡ್ಡಗೋಡೆಗಳ ಮೇಲೆ ಕೂತಿದ್ದ ಎರಡೂ ದಂಡಿನವರು, ತಮ್ಮ ಹೆಂಡಿರು ಮಕ್ಕಳು ಕೆಮ್ಮುತ್ತ ಓಡಿಬರುವುದನ್ನು ಕಂಡು, ಸಲಾಕೆ ಬಿಟ್ಟು ಗೋಡೆಯ ಕಲ್ಲು ಕೀಳಲು ನಿಂತರು. ಯಾರೂ ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ. ಮೇಲ್ಗೇರಿಯ ಅಡುಗೆಯವರು ಅರಮನೆಗೆ ಹೋಗಿ ಗುಂಡಿಯನ್ನು ತಂತಿಸಮೇತ ಕಿತ್ತು ತಂದರು. ದೊರೆ ತಡೆಯಲಿಲ್ಲವಂತೆ. ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ಉಸಿರು ಎಳೆಯುತ್ತ ಸುಮ್ಮನೆ ಕೂತಿದ್ದನಂತೆ. ಪಂಪಣ್ಣ ನನ್ನ ಎದುರು ಬಂದು ನಿಂತ. "ಮೊದ್ಲು ಹೋಗಿ ಅವ್ವನ ಕಾಲಿಗೆ ಬೀಳು," ಎಂದೆ. ಹೋಗಿ ಬಿದ್ದ. ಅವಳು ಅವನನ್ನು ಎತ್ತಲಿಲ್ಲ, ಒದೆಯಲೂ ಇಲ್ಲ. ಬಹಳ ಹೊತ್ತಾದ ಮೇಲೆ ಅವನ ತಲೆಯ ಮೇಲೆ ಕೈಯಿಟ್ಟಳು.

ಈಗ ಬಡಿದಾಡುವವರು ಯಾರೂ ಸಿಗದ ಕಾರಣ ದೊರೆಯೂ ಸಭೆಯೂ ರಾಜಿಯಾಗಿದ್ದಾರೆ. ಒಂದೇ ಚಾಪೆಯ ಮೇಲೆ ಕೂತು ಪಡೆ ಯಾರದು, ಜೋಳ ಯಾರದು ಎಂದು ಮಾತಾಡುತ್ತಿದ್ದಾರೆ. ಮಾತಾಡಲಿ, ಅದು ಅವರ ಕೆಲಸ. ಬೆಂಕಿಯ ಪ್ರಶ್ನೆ ಇನ್ನೂ ಹಾಗೇ ಇದೆ. ಅದಕ್ಕೆ ಎಲ್ಲ ಕೇರಿಗಳಲ್ಲಿ ಹೊಗೆ ತಡೆಯುವ ಎರಡನೇ ಪರದೆ ಹಾಕಿಸುತ್ತಿದ್ದೇನೆ, ಮೇಷ್ಟ್ರಂಥವರಿಗೆ ಇನ್ನೊಂದು ಮಗುವನ್ನು ಕಾಯುವಷ್ಟು ಹೊತ್ತು ಸಿಗಲಿ ಎಂದು. ಅದರ ನಡುವೆ ಈ ಎರಡು ಮೊಕದ್ದಮೆಗಳು. ದೊರೆಯ ಗುಂಡಿ ಕೆಡಿಸಿದ್ದು ಒಂದು ದ್ರೋಹ, ಸಭೆಗೆ ಗೆಲುವು ತಪ್ಪಿಸಿದ್ದು ಇನ್ನೊಂದು.

ಎರಡನ್ನೂ ಒಪ್ಪಿಕೊಳ್ಳುತ್ತೇನೆ. ಮತ್ತೆ ಅದೇ ಹೊತ್ತು ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ಇವತ್ತು ಕೆಳಗೇರಿಯ ಚಕ್ರ ಕಾಯುವ ಸರದಿ ನಮ್ಮ ಮನೆಯದು. ನಾನು ಅಲ್ಲೇ ಇರುತ್ತೇನೆ, ಹುಡುಕುವ ಕಷ್ಟ ಯಾರಿಗೂ ಬೇಡ. ನನ್ನನ್ನು ಹಿಡಿದು ಕೂಡಿಹಾಕಬೇಕು ಎನ್ನುವವರು, ಚಿನ್ನದ ಟೊಪ್ಪಿಗೆಯವರೇ ಇರಲಿ, ಠರಾವಿನವರೇ ಇರಲಿ, ಬರಲಿ. ಆದರೆ ಒಳಗೆ ಬರಲಿ. ನನ್ನ ಮೇಲೆ ಬಾಗಿಲು ಮುಚ್ಚುವುದಾದರೆ, ನನ್ನ ಪಕ್ಕದಲ್ಲಿ ನಿಂತು ಮುಚ್ಚಲಿ.